ಡೆಸ್ಕ್‌ಟಾಪ್ ಪ್ರೊಸೆಸರೋ, ಸರ್ವರ್ ಪ್ರೊಸೆಸರೋ: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಬೆಂಗಳೂರಿನ ಎಸ್‌ಪಿ ರೋಡಿಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದವರಿಗೆ ಒಂದು ಆಸೆ ಹುಟ್ಟುವುದು ಸಹಜ. ಇಂಟೆಲ್‌ನ ಹೊಸ ಡೆಸ್ಕ್‌ಟಾಪ್ ಪ್ರೊಸೆಸರ್ ಐ5ರ ಬೆಲೆಗಿಂತ ಎಷ್ಟೋ ಕಡಿಮೆಗೆ ಅದೇ ಕಂಪನಿಯ 14 ಕೋರಿನ (ಪ್ರೊಸೆಸರಿನ ಒಳಗೆ ಬೇರೆ ಬೇರೆಯಾಗಿ ಕೆಲಸ ಮಾಡುವ ಘಟಕವೇ ಕೋರ್) ಹಳೇ ಜಿಯಾನ್ ಸಿಗುತ್ತದೆ. ಕೋರ್ ಜಾಸ್ತಿ, ಬೆಲೆ ಕಡಿಮೆ, ಮೇಲೆ 'ಸರ್ವರ್ ಪ್ರೊಸೆಸರ್' ಅನ್ನೋ ಹೆಸರು ಬೇರೆ. ಇನ್ನೊಂದು ಕಡೆ, ಹತ್ತು ಜನರ ಆಫೀಸಿಗೆ ಟ್ಯಾಲಿ ಹಾಕಲು ದೊಡ್ಡ ಸರ್ವರೇ ಬೇಕು ಅಂತ ಲಕ್ಷಗಟ್ಟಲೆ ಕೊಟೇಶನ್ ಕೊಡುವವರೂ ಇದ್ದಾರೆ. ಎರಡೂ ಕಡೆ ನಡೆಯುವುದು ಒಂದೇ: ಪ್ರೊಸೆಸರಿನ ಹೆಸರು ನೋಡಿ ತೀರ್ಮಾನ ಮಾಡೋದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೋರ್ ಲೆಕ್ಕ ಕೊನೆಗೆ ನೋಡುವ ವಿಷಯ. ಅದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಎಷ್ಟು ರ‍್ಯಾಮ್ ಬೇಕು? ಎಷ್ಟು ಕಾರ್ಡು, ಎಷ್ಟು ಡಿಸ್ಕು ಹಾಕಬೇಕು? ರಾತ್ರಿ ಎರಡು ಗಂಟೆಗೆ ಮಷೀನ್ ನಿಂತುಹೋದರೆ ಅದರ ಹತ್ತಿರ ಯಾರಿರುತ್ತಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

## ಕೋರ್ ಒಂದೇ, ಸುತ್ತಲಿನ ವ್ಯವಸ್ಥೆ ಬೇರೆ

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರ್ ರೈಜನ್ 9 9950ಎಕ್ಸ್ ಮತ್ತು ಸರ್ವರ್ ಪ್ರೊಸೆಸರ್ ಎಪಿಕ್ 9755, ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ 2024ರಲ್ಲಿ ಬಂದವು. ಎರಡರಲ್ಲೂ ಇರುವುದು ಝೆನ್ 5 ಕೋರ್. 8 ಕೋರಿನ ಸಣ್ಣ ಚಿಪ್‌ಗಳನ್ನು ಜೋಡಿಸಿಯೇ ಎರಡನ್ನೂ ಮಾಡಿದ್ದಾರೆ. ರೈಜನ್‌ನಲ್ಲಿ ಅಂಥವು 2, ಎಪಿಕ್‌ನಲ್ಲಿ 16. ಒಂದು ಕೋರಿಗೆ ಒಂದು ಕೋರ್ ಹೋಲಿಸಿದರೆ ರೈಜನ್ನೇ ಮುಂದೆ: ಅದು 5.7 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, ಎಪಿಕ್ 4.1ಕ್ಕೆ ನಿಲ್ಲುತ್ತದೆ. ಬಿಡುಗಡೆಯಾದಾಗ ರೈಜನ್ ಬೆಲೆ 649 ಡಾಲರ್, ಎಪಿಕ್ ಬೆಲೆ ಸುಮಾರು 13,000 ಡಾಲರ್.

ಹಾಗಾದರೆ ಆ ದುಡ್ಡು ಯಾವುದಕ್ಕೆ? ಕೋರಿನ ಹೊರಗೆ ಇರುವುದಕ್ಕೆ. ರೈಜನ್‌ಗೆ ಮೆಮೊರಿ ಚಾನೆಲ್ (ರ‍್ಯಾಮ್‌ನಿಂದ ಪ್ರೊಸೆಸರಿಗೆ ಬರುವ ದಾರಿ) ಎರಡು, ಎಪಿಕ್‌ಗೆ ಹನ್ನೆರಡು. ರೈಜನ್‌ನಲ್ಲಿ ನಮ್ಮ ಬಳಕೆಗೆ ಸಿಗುವ ಪಿಸಿಐಇ ಲೇನ್ (ಕಾರ್ಡು, ಎಸ್‌ಎಸ್‌ಡಿಗಳನ್ನು ಪ್ರೊಸೆಸರಿಗೆ ಜೋಡಿಸುವ ದಾರಿ) 24, ಎಪಿಕ್‌ನಲ್ಲಿ 128. ರೈಜನ್ ಬೋರ್ಡಿನಲ್ಲಿ 256 ಜಿಬಿ ರ‍್ಯಾಮ್ ಹಾಕಿದರೆ ಅದೇ ಗರಿಷ್ಠ, ಎಪಿಕ್‌ನಲ್ಲಿ ಲೆಕ್ಕ ಟೆರಾಬೈಟ್‌ಗಳಲ್ಲಿ. ಸರ್ವರ್ ಪ್ರೊಸೆಸರ್ ಕೊಳ್ಳುವುದು ಅಂದರೆ ವೇಗ ಕೊಳ್ಳುವುದಲ್ಲ, ಜಾಗ ಕೊಳ್ಳುವುದು. ಆ ಜಾಗ ತುಂಬಿಸುವಷ್ಟು ಸಾಮಾನು ನಿಮ್ಮ ಹತ್ತಿರ ಇದೆಯಾ ಅನ್ನೋದೇ ಪ್ರಶ್ನೆ.

ಇವೆರಡರ ನಡುವೆ ಇನ್ನೊಂದು ಜಾತಿ ಇದೆ. ಅಂಗಡಿಯವರು ಇದರ ಬಗ್ಗೆ ಮಾತೇ ಎತ್ತುವುದಿಲ್ಲ. 2024ರ ಮೇ ತಿಂಗಳಲ್ಲಿ ಎಎಂಡಿ ಎಪಿಕ್ 4004 ಅಂತ ಒಂದು ಸರಣಿ ತಂದಿತು. ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್‌ನದೇ, ಎಎಂ5. ಒಳಗೆ ಇರುವುದೂ ರೈಜನ್ 7000ದ ಕೋರುಗಳೇ. ಆದರೆ ಸರ್ವರ್ ಅಂತಲೇ ಪರೀಕ್ಷೆಯಾಗಿ, ಇಸಿಸಿ ಮೆಮೊರಿಗೆ (ತಪ್ಪನ್ನು ಹಿಡಿದು ಸರಿಪಡಿಸುವ ರ‍್ಯಾಮ್) ಅಧಿಕೃತ ಬೆಂಬಲದೊಂದಿಗೆ ಬರುತ್ತದೆ. ಇಂಟೆಲ್‌ನಲ್ಲಿ ಇದೇ ಜಾಗದಲ್ಲಿ ಇರುವುದು ಜಿಯಾನ್ ಇ ಸರಣಿ. ಜರ್ಮನಿಯ ಹೆಟ್ಸ್‌ನರ್ ಥರದ ಹೋಸ್ಟಿಂಗ್ ಕಂಪನಿಗಳು ಅದಕ್ಕೂ ಮೊದಲೇ ಮಾಮೂಲಿ ರೈಜನ್ ಹಾಕಿದ ಮಷೀನ್‌ಗಳನ್ನು ಸರ್ವರ್ ಅಂತ ಬಾಡಿಗೆಗೆ ಕೊಡುತ್ತಿದ್ದವು. ಡೆಸ್ಕ್‌ಟಾಪ್ ಪ್ರೊಸೆಸರ್ ಸರ್ವರ್ ಆಗಲಾರದು ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು.

## ಹಂತ 1: ಈಗಿರುವ ಮಷೀನ್ ಎಲ್ಲಿ ಏದುಸಿರು ಬಿಡುತ್ತಿದೆ ನೋಡಿ

ಹೊಸದು ಕೊಳ್ಳುವ ಮೊದಲು ಒಂದು ವಾರ ಹಳೆಯದನ್ನು ಗಮನಿಸಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಸಾಕು, ಲಿನಕ್ಸ್‌ನಲ್ಲಿ ಎಚ್‌ಟಾಪ್.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಪ್ರೊಸೆಸರಿನಲ್ಲಿ 16 ಥ್ರೆಡ್ (ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಸಾಲು) ಇದೆ ಅನ್ನಿ. ಸಾಫ್ಟ್‌ವೇರ್ ಆಮೆಯ ಹಾಗೆ ನಡೆಯುತ್ತಿದೆ, ಆದರೆ ಟಾಸ್ಕ್ ಮ್ಯಾನೇಜರ್ ಸಿಪಿಯು 6 ಪರ್ಸೆಂಟ್ ಅಂತ ತೋರಿಸುತ್ತದೆ. ಪ್ರೊಸೆಸರ್ ಆರಾಮಾಗಿದೆ ಅಂದುಕೊಳ್ಳಬೇಡಿ. ನೂರನ್ನು ಹದಿನಾರರಿಂದ ಭಾಗಿಸಿದರೆ 6.25. ಅಂದರೆ ಒಂದು ಥ್ರೆಡ್ ಪೂರ್ತಿ ದುಡಿಯುತ್ತಿದೆ, ಉಳಿದ ಹದಿನೈದು ಸುಮ್ನೆ ಕೂತಿವೆ. ಪರ್ಫಾರ್ಮೆನ್ಸ್ ಟ್ಯಾಬಿನ ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್ಸ್ ಆಯ್ಕೆ ಮಾಡಿದರೆ ಒಂದೊಂದರ ಚಿತ್ರವೂ ಬೇರೆ ಬೇರೆಯಾಗಿ ಕಾಣುತ್ತದೆ. ವಿಂಡೋಸ್ ಆ ಕೆಲಸವನ್ನು ಕೋರಿನಿಂದ ಕೋರಿಗೆ ಓಡಾಡಿಸುವುದರಿಂದ ಒಂದೇ ಪೆಟ್ಟಿಗೆ ಸದಾ ತುಂಬಿರಬೇಕಿಲ್ಲ. ಒಟ್ಟು ಸಂಖ್ಯೆ ಆ 6ರ ಹತ್ತಿರವೇ ಅಂಟಿಕೊಂಡಿದ್ದರೆ ಅರ್ಥ ಮಾಡಿಕೊಳ್ಳಿ. ಇಂಥ ಕೆಲಸಕ್ಕೆ 64 ಕೋರಿನ ಸರ್ವರ್ ತಂದರೆ ಇನ್ನೂ ನಿಧಾನವಾಗುತ್ತದೆ. ಬೇಕಾದ್ದು ಜಾಸ್ತಿ ಗಿಗಾಹರ್ಟ್ಸ್ ಇರುವ ಹೊಸ ಡೆಸ್ಕ್‌ಟಾಪ್ ಪ್ರೊಸೆಸರ್.

ಫೋಟೋಶಾಪ್, ಹೆಚ್ಚಿನ ಗೇಮ್‌ಗಳು, ಆಟೋಕ್ಯಾಡ್‌ನ ಬಹುಪಾಲು ಕೆಲಸ, ಬ್ರೌಸರ್, ನುಡಿಯಲ್ಲಿ ಟೈಪಿಂಗ್, ಎಲ್ಲವೂ ಈ ಗುಂಪಿಗೆ ಸೇರಿದವು. ಮೈನ್‌ಕ್ರಾಫ್ಟ್‌ನ ಸರ್ವರ್ ಕೂಡ ಇಲ್ಲಿಗೇ ಸೇರುತ್ತದೆ. ಹೆಸರಿಗೆ ಸರ್ವರ್, ಓಡುವುದು ಮುಖ್ಯವಾಗಿ ಒಂದೇ ಥ್ರೆಡ್ ಮೇಲೆ.

ಎಲ್ಲ ಪೆಟ್ಟಿಗೆಗಳೂ ತುಂಬಿ ತುಳುಕುತ್ತಿದ್ದರೆ ಕಥೆ ಬೇರೆ. ಬ್ಲೆಂಡರ್ ರೆಂಡರಿಂಗ್, ದೊಡ್ಡ ಕೋಡ್ ಕಂಪೈಲ್, ಒಂದೇ ಮಷೀನಿನಲ್ಲಿ ಹತ್ತಾರು ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಿಂದ ಮಾಡಿದ ಒಳಗಿನ ಕಂಪ್ಯೂಟರ್), ಹವಾಮಾನ ಅಥವಾ ಎಂಜಿನಿಯರಿಂಗ್ ಸಿಮ್ಯುಲೇಶನ್, ಇವು ಕೋರ್ ಕೊಟ್ಟಷ್ಟೂ ನುಂಗುತ್ತವೆ. ಆದರೂ ಆತುರ ಬೇಡ. ಡೆಸ್ಕ್‌ಟಾಪ್‌ನಲ್ಲೇ 16 ಕೋರ್, 32 ಥ್ರೆಡ್ ಸಿಗುವ ಕಾಲ ಇದು.

ಸಿಪಿಯು ಗ್ರಾಫ್ ತಣ್ಣಗಿದ್ದು, ಡಿಸ್ಕ್ ಮಾತ್ರ 100 ಪರ್ಸೆಂಟ್ ತೋರಿಸುತ್ತಿದ್ದರೆ ಪ್ರೊಸೆಸರ್ ಮರೆತುಬಿಡಿ. ಎಸ್‌ಎಸ್‌ಡಿ ಹಾಕಿಸಿ. ಎಷ್ಟೋ ಆಫೀಸುಗಳ 'ಸರ್ವರ್ ಸಮಸ್ಯೆ' ಅಲ್ಲಿಗೇ ಮುಗಿಯುತ್ತದೆ.

## ಹಂತ 2: ರ‍್ಯಾಮ್ ಲೆಕ್ಕ, ಅದರ ಜೊತೆ ಇಸಿಸಿ

ಎಷ್ಟು ರ‍್ಯಾಮ್ ಬೇಕು ಅಂತ ಬರೆದುಕೊಳ್ಳಿ. 128 ಜಿಬಿ ಒಳಗೆ ಇದ್ದರೆ ಡೆಸ್ಕ್‌ಟಾಪ್ ಬೋರ್ಡ್ ಸಾಕು. 128ರಿಂದ 256 ನಡುವೆ ಇದ್ದರೆ ಆಗುತ್ತದೆ, ಆದರೆ ಸ್ವಲ್ಪ ಒದ್ದಾಟ. ಅದರ ಮೇಲೆ ಹೋದರೆ ಥ್ರೆಡ್‌ರಿಪ್ಪರ್, ಜಿಯಾನ್ ಡಬ್ಲ್ಯೂ (ಎಎಂಡಿ ಮತ್ತು ಇಂಟೆಲ್‌ನ ದೊಡ್ಡ ವರ್ಕ್‌ಸ್ಟೇಶನ್ ಪ್ರೊಸೆಸರುಗಳು), ಎಪಿಕ್ ಕಡೆ ಮುಖ ಮಾಡಬೇಕು.

ಒದ್ದಾಟ ಅಂದಿದ್ದು ಯಾಕೆಂದರೆ, ಎಎಂ5 ಬೋರ್ಡಿನಲ್ಲಿ ಎರಡು ಡಿಡಿಆರ್5 (ಈಗಿನ ಪೀಳಿಗೆಯ ರ‍್ಯಾಮ್) ಸ್ಟಿಕ್ ಹಾಕಿದಾಗ ಎಎಂಡಿ ಒಪ್ಪಿಕೊಳ್ಳುವ ವೇಗ ರೈಜನ್ 9000 ಸರಣಿಗೆ 5600. ನಾಲ್ಕೂ ಸ್ಲಾಟ್ ತುಂಬಿಸಿದರೆ ಅದೇ ಲೆಕ್ಕ 3600ಕ್ಕೆ ಇಳಿಯುತ್ತದೆ. ಅದರ ಮೇಲೆ ಓಡಿದರೆ ನಿಮ್ಮ ಅದೃಷ್ಟ. ಹಾಗಾಗಿ ಮೊದಲು ಎರಡು 16 ಹಾಕಿ ಆಮೇಲೆ ಇನ್ನೆರಡು ಸೇರಿಸೋಣ ಅನ್ನುವ ಹಳೇ ಡಿಡಿಆರ್3 ಕಾಲದ ಯೋಚನೆ ಈಗ ನಡೆಯುವುದಿಲ್ಲ. ಮೊದಲೇ ದೊಡ್ಡ ಎರಡು ಸ್ಟಿಕ್ ತಗೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಆದ್ದರಿಂದ ಕೊಟೇಶನ್ ಕೇಳುವಾಗ ಪ್ರೊಸೆಸರಿಗಿಂತ ಮೊದಲು ರ‍್ಯಾಮ್ ರೇಟ್ ಕೇಳುವುದು ಜಾಣತನ.

ಇನ್ನು ಇಸಿಸಿ. ಇದು ಮೆಮೊರಿಯಲ್ಲಿ ಒಂದು ಬಿಟ್ ತಾನಾಗಿ 0ಯಿಂದ 1ಕ್ಕೆ ತಿರುಗಿದರೆ ಅದನ್ನು ಹಿಡಿದು ಸರಿಪಡಿಸುವ ವ್ಯವಸ್ಥೆ. ಹೀಗೆಲ್ಲ ನಿಜವಾಗಿ ಆಗುತ್ತದಾ ಅಂತ ಕೇಳುವವರಿಗೆ ಬೆಲ್ಜಿಯಂನ ಕಥೆ ಹೇಳಬೇಕು. 2003ರ ಮೇ 18ರಂದು ನಡೆದ ಚುನಾವಣೆಯಲ್ಲಿ ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಎಂಬ ಕಡೆ ಒಬ್ಬ ಅಭ್ಯರ್ಥಿಗೆ ಎಲೆಕ್ಟ್ರಾನಿಕ್ ಎಣಿಕೆಯಲ್ಲಿ 4,096 ಮತ ಹೆಚ್ಚಿಗೆ ಬಂತು. ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿದ್ದರಿಂದಲೇ ಅದು ಕಣ್ಣಿಗೆ ಬಿತ್ತು. 4,096 ಅಂದರೆ ಎರಡರ ಹನ್ನೆರಡನೇ ಘಾತ, ಕರಾರುವಾಕ್ಕಾಗಿ ಒಂದೇ ಒಂದು ಬಿಟ್. ಸಾಫ್ಟ್‌ವೇರಿನಲ್ಲಿ ತಪ್ಪು ಸಿಗಲಿಲ್ಲ, ಮೆಮೊರಿಯಲ್ಲಿ ಬಿಟ್ ತಾನಾಗಿ ತಿರುಗಿರಬೇಕು ಎಂದೇ ತೀರ್ಮಾನಿಸಿದರು. ಗೂಗಲ್ ತನ್ನ ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇಕಡಾ 8ಕ್ಕೂ ಹೆಚ್ಚು ಮೆಮೊರಿ ಸ್ಟಿಕ್‌ಗಳಲ್ಲಿ ಇಂಥ ದೋಷ ಕಂಡಿತ್ತು.

ಗೇಮ್ ಆಡುವ ಮಷೀನಿನಲ್ಲಿ ಬಿಟ್ ತಿರುಗಿದರೆ ಹೆಚ್ಚೆಂದರೆ ಗೇಮ್ ಹ್ಯಾಂಗ್ ಆಗುತ್ತದೆ. ಸಹಕಾರಿ ಸಂಘದ ಲೆಡ್ಜರ್, ಆಸ್ಪತ್ರೆಯ ರೋಗಿಗಳ ದಾಖಲೆ, ಸ್ಟುಡಿಯೋದ ಹತ್ತು ವರ್ಷದ ಮದುವೆ ಫೋಟೋಗಳು ಇರುವ ಮಷೀನಿನಲ್ಲಿ ತಿರುಗಿದರೆ ತಪ್ಪು ಮಾಹಿತಿ ಸದ್ದಿಲ್ಲದೆ ಡಿಸ್ಕಿಗೆ ಹೋಗುತ್ತದೆ, ಅಲ್ಲಿಂದ ಬ್ಯಾಕಪ್‌ಗೂ ಹೋಗುತ್ತದೆ. ಅಂಥ ಕಡೆ ಇಸಿಸಿ ಬೇಕೇ ಬೇಕು, ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಆದರೆ ಇಸಿಸಿಗೋಸ್ಕರ ದೊಡ್ಡ ಸರ್ವರ್ ಬೇಕಿಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲದ ಮಾತು. ಇಂಟೆಲ್‌ನ 12ನೇ ಪೀಳಿಗೆಯಿಂದ ಈಚೆಗೆ ಹೆಚ್ಚಿನ ಐ5, ಐ7, ಐ9ಗಳು ಡಬ್ಲ್ಯೂ680 ಚಿಪ್‌ಸೆಟ್ (ಬೋರ್ಡಿನ ಮೇಲಿನ ಸಹಾಯಕ ಚಿಪ್) ಇರುವ ಬೋರ್ಡಿನಲ್ಲಿ ಇಸಿಸಿ ಒಪ್ಪುತ್ತವೆ. ಕೋರ್ ಅಲ್ಟ್ರಾ 200 ಸರಣಿಗೆ ಡಬ್ಲ್ಯೂ880 ಇದೆ. ರೈಜನ್‌ನಲ್ಲಿ ಬೋರ್ಡ್ ಕಂಪನಿ ಬೆಂಬಲ ಕೊಟ್ಟಿದ್ದರೆ ಆಗುತ್ತದೆ. 8000ಜಿ ಥರದ ಗ್ರಾಫಿಕ್ಸ್ ಜಾಸ್ತಿ ಇರುವ ಮಾದರಿಗಳಲ್ಲಿ 'ಪ್ರೊ' ಹೆಸರಿನವಕ್ಕೆ ಮಾತ್ರ ಈ ಸೌಲಭ್ಯ.

ಕೊಳ್ಳುವಾಗ ಎರಡು ಕಡೆ ಎಚ್ಚರ ಇರಲಿ. ಡಿಡಿಆರ್5 ಎಲ್ಲದರಲ್ಲೂ ಇಸಿಸಿ ಇದ್ದೇ ಇದೆ ಸಾರ್ ಅಂತ ಅಂಗಡಿಯಲ್ಲಿ ಹೇಳಬಹುದು. ಅವರು ಹೇಳುತ್ತಿರುವುದು ಚಿಪ್‌ನ ಒಳಗೇ ನಡೆಯುವ ಸಣ್ಣ ರಿಪೇರಿ. ಸ್ಟಿಕ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ, ತಪ್ಪಾದರೆ ನಿಮಗೆ ಹೇಳುವುದೂ ಇಲ್ಲ. ಎರಡನೆಯದು, ಆರ್‌ಡಿಐಎಂಎಂ (ಸರ್ವರ್ ಮಾದರಿಯ ಸ್ಟಿಕ್) ಮತ್ತು ಯುಡಿಐಎಂಎಂ (ಡೆಸ್ಕ್‌ಟಾಪ್ ಮಾದರಿಯ ಸ್ಟಿಕ್) ವ್ಯತ್ಯಾಸ. ದೊಡ್ಡ ಸರ್ವರ್‌ನಿಂದ ಬಿಚ್ಚಿದ ರ‍್ಯಾಮ್ ಹೆಚ್ಚಾಗಿ ಆರ್‌ಡಿಐಎಂಎಂ. ಅದು ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಡಿಡಿಆರ್4ನಲ್ಲಿ ಸ್ಲಾಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಬೂಟ್ ಆಗುವುದಿಲ್ಲ. ಡಿಡಿಆರ್5ನಲ್ಲಿ ಕಚ್ಚಿನ ಜಾಗವೇ ಬೇರೆ, ಕೂರುವುದೇ ಇಲ್ಲ. ಎಪಿಕ್ 4004, ಜಿಯಾನ್ ಇ ಕೂಡ ಕೇಳುವುದು ಇಸಿಸಿ ಯುಡಿಐಎಂಎಂ. ಅದು ಸುಲಭಕ್ಕೆ ಸಿಗುವುದಿಲ್ಲ, ಮೊದಲೇ ಆರ್ಡರ್ ಹಾಕಿಸಬೇಕಾಗಬಹುದು.

## ಹಂತ 3: ಲೇನ್ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಮಷೀನಿಗೆ ಹಾಕುವುದನ್ನೆಲ್ಲ ಬರೆಯಿರಿ. ಗ್ರಾಫಿಕ್ಸ್ ಕಾರ್ಡಿಗೆ 16 ಲೇನ್, ಒಂದೊಂದು ಎನ್‌ವಿಎಂಇ ಎಸ್‌ಎಸ್‌ಡಿಗೆ 4, 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ 4 ಅಥವಾ 8, ಡಿಸ್ಕ್ ಕಂಟ್ರೋಲರ್ ಕಾರ್ಡಿಗೆ 8. ಒಟ್ಟು 24ರ ಒಳಗೆ ಬಂದರೆ ಡೆಸ್ಕ್‌ಟಾಪ್ ಆಯಿತು. ಸ್ವಲ್ಪ ಮೇಲೆ ಹೋದರೂ ಪರವಾಗಿಲ್ಲ, ಚಿಪ್‌ಸೆಟ್ ಕಡೆಯಿಂದ ಇನ್ನಷ್ಟು ಸ್ಲಾಟ್ ಸಿಗುತ್ತವೆ. ಆದರೆ ಎಎಂ5ನಲ್ಲಿ ಚಿಪ್‌ಸೆಟ್‌ನ ಎಲ್ಲ ಸ್ಲಾಟುಗಳೂ ಸೇರಿ ಪ್ರೊಸೆಸರಿಗೆ ಹೋಗುವ ದಾರಿ 4 ಲೇನ್ ಮಾತ್ರ. ಬೋರ್ಡಿನಲ್ಲಿ ಉದ್ದನೆಯ ಸ್ಲಾಟ್ ಮೂರು ಕಂಡರೆ ಮೂರಕ್ಕೂ 16 ಲೇನ್ ಇದೆ ಅಂತಲ್ಲ. ಕೈಪಿಡಿಯ ಚಿತ್ರ ತೆಗೆದು ಯಾವುದಕ್ಕೆ ಎಷ್ಟು ಅಂತ ಓದಲೇಬೇಕು.

ಎರಡು ಗ್ರಾಫಿಕ್ಸ್ ಕಾರ್ಡ್ ಹಾಕುವವರು 16ನ್ನು 8 ಮತ್ತು 8 ಅಂತ ಹಂಚುವ ಬೋರ್ಡ್ ಹುಡುಕಿದರೆ ಡೆಸ್ಕ್‌ಟಾಪ್‌ನಲ್ಲೇ ಕೆಲಸ ನಡೆಯುತ್ತದೆ. ನಾಲ್ಕು ಕಾರ್ಡ್ ಅಥವಾ ಎಂಟು ಎನ್‌ವಿಎಂಇ ಅಂದರೆ ಚರ್ಚೆ ಮುಗಿಯಿತು: ಥ್ರೆಡ್‌ರಿಪ್ಪರ್ ಅಥವಾ ಎಪಿಕ್.

## ಮನೆಯಲ್ಲೇ ಎಐ ಮಾದರಿ ಓಡಿಸುವವರಿಗೆ

ಈಚೆಗೆ ಸರ್ವರ್ ಪ್ರೊಸೆಸರ್ ಕೇಳಿಕೊಂಡು ಬರುವವರಲ್ಲಿ ಇವರ ಪಾಲು ದೊಡ್ಡದು. ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

ಮಾಮೂಲಿ (ಡೆನ್ಸ್) ಭಾಷಾ ಮಾದರಿ ಒಂದೊಂದು ಟೋಕನ್ (ಪದ ಅಥವಾ ಪದದ ತುಂಡು) ಬರೆಯುವಾಗಲೂ ತನ್ನ ತೂಕಗಳನ್ನೆಲ್ಲ (ಅದು ಕಲಿತಿಟ್ಟ ಸಂಖ್ಯೆಗಳು, ಪ್ಯಾರಾಮೀಟರ್ ಅನ್ನೋದೂ ಇವನ್ನೇ) ಒಮ್ಮೆ ಮೆಮೊರಿಯಿಂದ ಓದಬೇಕು. 70 ಬಿಲಿಯನ್ ಪ್ಯಾರಾಮೀಟರ್ ಮಾದರಿಯಲ್ಲಿ ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಇಳಿಸಿದರೂ ಅದು ಸುಮಾರು 40 ಜಿಬಿ. ಹಾಗಾಗಿ ಇಲ್ಲಿ ಮುಖ್ಯವಾಗುವುದು ಕೋರ್ ಎಷ್ಟು ಅನ್ನೋದಲ್ಲ, ಸೆಕೆಂಡಿಗೆ ಮೆಮೊರಿಯಿಂದ ಎಷ್ಟು ಜಿಬಿ ಎಳೆಯಬಹುದು ಅನ್ನೋದು.

ಅದರ ಲೆಕ್ಕ ಸುಲಭ. ಮೆಮೊರಿ ವೇಗವನ್ನು 8ರಿಂದ ಗುಣಿಸಿ, ಬಂದದ್ದನ್ನು ಚಾನೆಲ್ ಸಂಖ್ಯೆಯಿಂದ ಗುಣಿಸಿ. ಡಿಡಿಆರ್5 6000, ಎರಡು ಚಾನೆಲ್: 6000 × 8 × 2 = 96,000 ಎಂಬಿ, ಅಂದರೆ ಸೆಕೆಂಡಿಗೆ 96 ಜಿಬಿ. 2022ರ ಎಪಿಕ್ 9004 ಸರಣಿಯಲ್ಲಿ ಡಿಡಿಆರ್5 4800, ಹನ್ನೆರಡು ಚಾನೆಲ್: 460.8 ಜಿಬಿ. ಈಗ 40ರಿಂದ ಭಾಗಿಸಿ. ಡೆಸ್ಕ್‌ಟಾಪ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 2.4 ಟೋಕನ್, ಎಪಿಕ್‌ನಲ್ಲಿ ಹೆಚ್ಚೆಂದರೆ 11.5. ಇದು ಕಾಗದದ ಮೇಲಿನ ಮಿತಿ, ನಿಜವಾಗಿ ಸಿಗುವುದು ಇದಕ್ಕಿಂತ ಕಡಿಮೆ. ಕನ್ನಡದ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುವುದರಿಂದ ನಮಗೆ ಅದು ಇನ್ನೂ ನಿಧಾನ ಅನ್ನಿಸುತ್ತದೆ.

ಹನ್ನೆರಡು ಚಾನೆಲ್ ಇದೆ ಅಂದಮಾತ್ರಕ್ಕೆ ಆ ವೇಗ ಬಂದುಬಿಡುವುದಿಲ್ಲ. ಗೋದಾಮಿಗೆ ಹನ್ನೆರಡು ಬಾಗಿಲಿಟ್ಟು ಸರಕನ್ನೆಲ್ಲ ಒಂದೇ ಬಾಗಿಲಲ್ಲಿ ಸಾಗಿಸಿದ ಹಾಗೆ, ಒಂದೇ 64 ಜಿಬಿ ಸ್ಟಿಕ್ ಹಾಕಿದರೆ ಹನ್ನೆರಡರಲ್ಲಿ ಒಂದು ಪಾಲು ವೇಗ ಮಾತ್ರ. ಹನ್ನೆರಡು ಸ್ಟಿಕ್ ಕೊಳ್ಳಬೇಕು. ಈಗಿನ ರ‍್ಯಾಮ್ ಬೆಲೆಯಲ್ಲಿ ಆ ಲೆಕ್ಕ ಹಾಕಿ ನೋಡಿದ ಮೇಲೂ ಆಸೆ ಉಳಿದರೆ ಮುಂದುವರಿಯಿರಿ. ಹೋಲಿಕೆಗೆ ಹೇಳುವುದಾದರೆ, ಆರ್‌ಟಿಎಕ್ಸ್ 3090 ಕಾರ್ಡಿನ ಮೆಮೊರಿ ವೇಗ ಸೆಕೆಂಡಿಗೆ 936 ಜಿಬಿ, ಒಂದೊಂದರಲ್ಲಿ 24 ಜಿಬಿ ಇರುತ್ತದೆ. ಅಂಥ ಎರಡು ಕಾರ್ಡನ್ನು ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಹಾಕಿದರೆ ಈ 40 ಜಿಬಿ ಮಾದರಿ ಹಿಡಿಸುತ್ತದೆ. ಸರ್ವರ್ ಪ್ರೊಸೆಸರ್ ನಿಜಕ್ಕೂ ಲಾಭವಾಗುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ ಹಿಡಿಸದ, ನೂರಾರು ಜಿಬಿ ದಾಟುವ ಮಾದರಿಗಳಿಗೆ.

## ಹಂತ 4: ಮಷೀನ್ ಕೈಗೆ ಸಿಗುವಷ್ಟು ಹತ್ತಿರ ಇದೆಯಾ?

ಸರ್ವರ್ ಬೋರ್ಡುಗಳಲ್ಲಿ ಬಿಎಂಸಿ ಅಂತ ಒಂದು ಸಣ್ಣ ಬೇರೆ ಕಂಪ್ಯೂಟರೇ ಕೂತಿರುತ್ತದೆ. ಮುಖ್ಯ ಮಷೀನ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಡೆಲ್‌ನಲ್ಲಿ ಅದಕ್ಕೆ ಐಡ್ರ್ಯಾಕ್ ಅಂತಾರೆ, ಎಚ್‌ಪಿಇಯಲ್ಲಿ ಐಎಲ್‌ಒ. ನೀವು ಬೆಂಗಳೂರಲ್ಲಿ ಕೂತು ಶಿವಮೊಗ್ಗದ ಆಫೀಸಿನ ಮಷೀನನ್ನು ಆನ್ ಮಾಡಬಹುದು, ಬಯೋಸ್ (ಬೋರ್ಡಿನ ಮೂಲ ಸೆಟ್ಟಿಂಗ್) ಒಳಗೆ ಹೋಗಬಹುದು, ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಹಾಕಬಹುದು. ಮಷೀನ್ ಬೇರೆ ಊರಲ್ಲಿದ್ದು, ಅಲ್ಲಿ ಕೀಬೋರ್ಡ್ ಮುಟ್ಟುವವರು ಯಾರೂ ಇಲ್ಲದಿದ್ದರೆ ಸರ್ವರ್ ಬೋರ್ಡಿಗೆ ಕೊಡುವ ದುಡ್ಡು ಇದೊಂದಕ್ಕೇ ವಸೂಲಾಗುತ್ತದೆ. ಎಎಂ5 ಸಾಕೆಟ್ ಇರುವ ಸರ್ವರ್ ಬೋರ್ಡುಗಳಲ್ಲೂ ಬಿಎಂಸಿ ಬರುತ್ತದೆ. ಮಾಮೂಲಿ ಡೆಸ್ಕ್‌ಟಾಪ್ ಬೋರ್ಡಿಗಾದರೆ ದೂರದಿಂದಲೇ ಪರದೆ ನೋಡಿ ಕೀಬೋರ್ಡ್ ಬಳಸಲು ಪೈಕೆವಿಎಂ ಥರದ ಪೆಟ್ಟಿಗೆ ಹೊರಗಿನಿಂದ ಸೇರಿಸಿಕೊಳ್ಳಬಹುದು. ಏನೇ ಹಾಕಿದರೂ ಬಿಎಂಸಿಯನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡಬೇಡಿ, ವಿಪಿಎನ್ ಹಿಂದೆ ಇರಲಿ.

24 ಗಂಟೆ ಓಡಿಸಿದರೆ ಡೆಸ್ಕ್‌ಟಾಪ್ ಪ್ರೊಸೆಸರ್ ಸುಟ್ಟುಹೋಗುತ್ತದೆ ಅನ್ನೋದು ಬರೀ ಭಯ. ತಂಪಾಗಿ ಇಟ್ಟರೆ ವರ್ಷಗಟ್ಟಲೆ ಓಡುತ್ತದೆ. ಆದರೆ ಡೆಸ್ಕ್‌ಟಾಪ್ ಪ್ರೊಸೆಸರುಗಳ ವೋಲ್ಟೇಜನ್ನು ಅಂಚಿನವರೆಗೆ ತಳ್ಳಿರುತ್ತಾರೆ ಅನ್ನೋದು ನಿಜ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಕ್ರ್ಯಾಶ್ ಆಗುವ ಸಮಸ್ಯೆ 2024ರಲ್ಲಿ ಬಯಲಾಯಿತು. ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಪ್ರೋಗ್ರಾಂ) ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥದ್ದು ಕೊಳ್ಳುವುದಾದರೆ ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿ. ಸೆಕೆಂಡ್ ಹ್ಯಾಂಡ್ ಆಗಿದ್ದರೆ ಹತ್ತಿರ ಹೋಗಬೇಡಿ. ಒಮ್ಮೆ ಹಾಳಾದ ಚಿಪ್ಪನ್ನು ಅಪ್‌ಡೇಟ್ ಸರಿಮಾಡುವುದಿಲ್ಲ.

## ಹಂತ 5: ಕರೆಂಟ್, ಶಾಖ, ಸದ್ದು

ಹಳೇ ಎರಡು ಸಾಕೆಟ್ ಸರ್ವರ್ ಏನೂ ಕೆಲಸ ಮಾಡದೆ ಕೂತಾಗಲೂ 100 ವ್ಯಾಟ್ ಎಳೆಯುವುದು ಮಾಮೂಲು. ಅಂದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72, ವರ್ಷಕ್ಕೆ 876. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 5,256 ರೂಪಾಯಿ. ಕರ್ನಾಟಕದಲ್ಲಿ ಮನೆಯಲ್ಲೇ ಇಡುವವರಿಗೆ ಇನ್ನೊಂದು ಪೆಟ್ಟು ಇದೆ, ಗೃಹಜ್ಯೋತಿ. ಈಗ 140 ಯೂನಿಟ್ ಬಳಸುವ ಮನೆ ಈ 72 ಸೇರಿಸಿಕೊಂಡರೆ 212 ಆಗುತ್ತದೆ. 200 ದಾಟಿದ ತಿಂಗಳು ಬಿಲ್ ಪೂರ್ತಿ ನೀವೇ ಕಟ್ಟಬೇಕು. ಅಗ್ಗದ ಜಿಯಾನ್ ಅಗ್ಗ ಅಲ್ಲ ಅನ್ನೋದು ಅವತ್ತು ಗೊತ್ತಾಗುತ್ತದೆ.

ರ‍್ಯಾಕ್‌ನಲ್ಲಿ ಇಡುವ ಚಪ್ಪಟೆ 1ಯು ಸರ್ವರ್‌ಗಳನ್ನು ಮನೆಗೆ ತರಲೇಬೇಡಿ. ಅದರೊಳಗಿನ ಪುಟ್ಟ ಫ್ಯಾನುಗಳ ಕಿರುಚಾಟಕ್ಕೆ ಪಕ್ಕದ ರೂಮಿನಲ್ಲೂ ನಿದ್ದೆ ಬರುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಎಸಿ ಇಲ್ಲದ ಕೋಣೆಯಲ್ಲಿ 300 ವ್ಯಾಟಿನ ಪ್ರೊಸೆಸರ್ ಇಡುವುದೂ ಬೇಡ. ಆ ಎಸಿಯ ಖರ್ಚನ್ನೂ ಸೇರಿಸಿ ಬಜೆಟ್ ಹಾಕಿ.

## ಹಂತ 6: ಲೈಸೆನ್ಸ್ ಹಾಕುವವರು ಮಾತ್ರ ಓದಿ

ವಿಂಡೋಸ್ ಸರ್ವರ್ ಲೈಸೆನ್ಸನ್ನು ಕೋರ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಮಷೀನಿಗೆ ಕನಿಷ್ಠ 16 ಕೋರಿನದು ಕೊಳ್ಳಲೇಬೇಕು. ನೀವು 32 ಕೋರಿನ ಪ್ರೊಸೆಸರ್ ತಂದರೆ ಲೈಸೆನ್ಸ್ ಖರ್ಚು ಎರಡರಷ್ಟು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಕೋರ್ ಲೈಸೆನ್ಸ್ ಇನ್ನೂ ದುಬಾರಿ. ಆದ್ದರಿಂದ ಇಲ್ಲಿ ಜಾಣರು ಕೋರ್ ಕಡಿಮೆ ಮಾಡುತ್ತಾರೆ. ಎಪಿಕ್ 9175ಎಫ್ ಅಂತ ಒಂದಿದೆ: ಬರೀ 16 ಕೋರ್, ಆದರೆ 5 ಗಿಗಾಹರ್ಟ್ಸ್ ವೇಗ, 512 ಎಂಬಿ ಕ್ಯಾಶ್. ಅಂಥದ್ದನ್ನು ಯಾಕೆ ಮಾಡುತ್ತಾರೆ ಅಂತ ಅಚ್ಚರಿಪಟ್ಟಿದ್ದರೆ, ದೊಡ್ಡ ಕಾರಣ ಇದೇ. ಉಚಿತವಾಗಿ ಸಿಗುವ ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರಿಗೆ ಈ ತಲೆನೋವಿಲ್ಲ.

## ಹಂತ 7: ಸೆಕೆಂಡ್ ಹ್ಯಾಂಡ್ ಜಿಯಾನ್ ಮೋಹ

ಮಾರುಕಟ್ಟೆಯಲ್ಲಿ ಜಾಸ್ತಿ ಓಡಾಡುವುದು 2016ರ ಜಿಯಾನ್ ಇ5-2680 ವಿ4. 14 ಕೋರ್, 28 ಥ್ರೆಡ್, 3.3 ಗಿಗಾಹರ್ಟ್ಸ್ ಗರಿಷ್ಠ, 120 ವ್ಯಾಟ್. ಅದರ ಎದುರಿಗೆ 2022ರ ಐ5-12400 ಇಡಿ. 6 ಕೋರ್, 12 ಥ್ರೆಡ್, 4.4 ಗಿಗಾಹರ್ಟ್ಸ್, ಮೂಲ 65 ವ್ಯಾಟ್. ಎಲ್ಲ ಕೋರೂ ದುಡಿಯುವ ಕೆಲಸದಲ್ಲಿ ಈ ಐ5 ಜಿಯಾನ್‌ಗೆ ಸರಿಸಮನಾಗಿ ನಿಲ್ಲುತ್ತದೆ. ಒಂದೇ ಕೋರಿನ ಕೆಲಸದಲ್ಲಿ ಬಹಳ ಮುಂದೆ ಹೋಗುತ್ತದೆ. ಐ5ನಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಜಿಯಾನ್‌ಗೆ ಪರದೆ ಬೆಳಗಿಸಲೂ ಬೇರೆ ಕಾರ್ಡ್ ಬೇಕು. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಇದು ದೊಡ್ಡ ವಿಷಯ, ಇಂಟೆಲ್‌ನ ಕ್ವಿಕ್ ಸಿಂಕ್ ಆ ಗ್ರಾಫಿಕ್ಸ್ ಭಾಗದಲ್ಲೇ ಇರುವುದು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆ ಹಳೇ ಜಿಯಾನ್ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೂ ಹಳೆಯ ವಿ2 ಜಿಯಾನ್‌ಗಳಲ್ಲಿ ಎವಿಎಕ್ಸ್2 ಅನ್ನೋ ಲೆಕ್ಕದ ಆದೇಶಗಳ ಗುಂಪು ಇಲ್ಲ, ಈಗಿನ ಕೆಲವು ಸಾಫ್ಟ್‌ವೇರ್ ತೆರೆಯುವುದೇ ಇಲ್ಲ.

ಹಾಗಂತ ಅದು ಪೂರ್ತಿ ದಂಡ ಅಲ್ಲ. ಪ್ರಾಕ್ಸ್‌ಮಾಕ್ಸ್, ಕ್ಯೂಬರ್ನೆಟಿಸ್ ಥರದ ಸರ್ವರ್ ನಿರ್ವಹಣೆಯ ಸಾಫ್ಟ್‌ವೇರ್ ಕಲಿಯುವ ವಿದ್ಯಾರ್ಥಿಗೆ ಅದು ಒಳ್ಳೆಯ ಆಯ್ಕೆ. ನಾಲ್ಕು ಚಾನೆಲ್ ಮೆಮೊರಿ, 40 ಪಿಸಿಐಇ ಲೇನ್, ಆರ್‌ಡಿಐಎಂಎಂ ಹಾಕುವ ಅವಕಾಶ, ಹತ್ತಾರು ವರ್ಚುವಲ್ ಮಷೀನ್. ಬೇಕಾದಾಗ ಆನ್ ಮಾಡಿ, ಮುಗಿದಮೇಲೆ ಆಫ್ ಮಾಡಿದರೆ ಕರೆಂಟ್ ಚಿಂತೆಯೂ ಇಲ್ಲ.

ಕೊಳ್ಳುವಾಗ ಚಿಪ್ಪಿನ ಲೋಹದ ಮುಚ್ಚಳ ಓದಿ. ಮಾದರಿ ಸಂಖ್ಯೆ ಇರಬೇಕಾದ ಕಡೆ ಇಂಟೆಲ್ ಕಾನ್ಫಿಡೆನ್ಶಿಯಲ್ ಅಂತ ಬರೆದಿದ್ದರೆ ಅದು ಪರೀಕ್ಷೆಗೆ ಮಾಡಿದ ಎಂಜಿನಿಯರಿಂಗ್ ಸ್ಯಾಂಪಲ್, ಬಿಟ್ಟುಬಿಡಿ. ಈ ಜಿಯಾನ್ ಹಾಕಲು ಮಾರುವ ಅಗ್ಗದ ಎಕ್ಸ್99 ಚಿಪ್‌ಸೆಟ್ ಬೋರ್ಡುಗಳಲ್ಲಿ ಎಷ್ಟೋ ಸಲ ಹೆಸರಿಗೆ ಮಾತ್ರ ಎಕ್ಸ್99, ಒಳಗೆ ಬೇರೆ ಹಳೇ ಬೋರ್ಡಿನಿಂದ ಕಿತ್ತ ಚಿಪ್‌ಸೆಟ್ ಇರುತ್ತದೆ. ಹಳೇ ಎಪಿಕ್ ಕೊಳ್ಳುವವರು ಇನ್ನೊಂದು ಮಾತು ಕೇಳಬೇಕು: ಇದನ್ನು ಯಾವ ಕಂಪನಿಯ ಸರ್ವರ್‌ನಿಂದ ಬಿಚ್ಚಿದ್ದು? ಕೆಲವು ತಯಾರಕರ ಬೋರ್ಡಿನಲ್ಲಿ ಒಮ್ಮೆ ಬೂಟ್ ಆದ ಎಪಿಕ್ ಅದೇ ತಯಾರಕರಿಗೆ ಶಾಶ್ವತವಾಗಿ ಬೀಗ ಬಿದ್ದಂತೆ ಆಗುತ್ತದೆ, ಬೇರೆ ಬೋರ್ಡಿನಲ್ಲಿ ಎದ್ದೇಳುವುದಿಲ್ಲ. ಬೀಗ ಬಿದ್ದಿಲ್ಲ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.

## ಯಾರಿಗೆ ಏನು

ಗೇಮ್, ಕಾಲೇಜು, ಡಿಟಿಪಿ, ಫೋಟೋ, ವಿಡಿಯೋ: ಡೆಸ್ಕ್‌ಟಾಪ್. ಇದರಲ್ಲಿ ಎರಡು ಮಾತಿಲ್ಲ.

ಹತ್ತು ಹದಿನೈದು ಜನರ ಆಫೀಸು, ಅಕೌಂಟ್ಸ್ ಮತ್ತು ಫೈಲ್ ಸರ್ವರ್: ಎಪಿಕ್ 4004 ಅಥವಾ ಜಿಯಾನ್ ಇ, ಇಲ್ಲವೇ ಇಸಿಸಿ ಹಾಕಿದ ಡಬ್ಲ್ಯೂ680 ಬೋರ್ಡು. 32 ಅಥವಾ 64 ಜಿಬಿ ಇಸಿಸಿ ರ‍್ಯಾಮ್, ಎರಡು ಎಸ್‌ಎಸ್‌ಡಿ ಮಿರರ್ ಮಾಡಿ (ಎರಡರಲ್ಲೂ ಅದೇ ಮಾಹಿತಿ ಇರುವಂತೆ), ಒಂದು ಒಳ್ಳೆ ಯುಪಿಎಸ್. ಉಳಿದ ದುಡ್ಡನ್ನು ಬ್ಯಾಕಪ್‌ಗೆ ಹಾಕಿ. ದೊಡ್ಡ ಜಿಯಾನ್‌ಗಿಂತ ಎರಡನೇ ಬ್ಯಾಕಪ್ ಡಿಸ್ಕ್ ನಿಮ್ಮನ್ನು ಹೆಚ್ಚು ಸಲ ಕಾಪಾಡುತ್ತದೆ.

ರೆಂಡರ್ ಸ್ಟುಡಿಯೋ, ಕಂಪೈಲ್ ಮಷೀನ್: ಮೊದಲು 16 ಕೋರ್ ರೈಜನ್, ಅದು ಸಾಲದಿದ್ದರೆ ಥ್ರೆಡ್‌ರಿಪ್ಪರ್. ಎರಡು ರೈಜನ್ ಮಷೀನ್ ಇಟ್ಟುಕೊಂಡು ಫ್ರೇಮ್ ಹಂಚುವುದು ಎಷ್ಟೋ ಸಲ ಒಂದು ದೊಡ್ಡ ಸರ್ವರ್‌ಗಿಂತ ಅಗ್ಗ, ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ನೂರಾರು ವರ್ಚುವಲ್ ಮಷೀನ್, ದೊಡ್ಡ ಡೇಟಾಬೇಸ್, ನಾಲ್ಕು ಜಿಪಿಯು, ಅರ್ಧ ಟೆರಾಬೈಟ್ ರ‍್ಯಾಮ್: ಎಪಿಕ್ 9000 ಅಥವಾ ಜಿಯಾನ್ 6. ಇಂಥವರು ಬಿಡಿಭಾಗ ತಂದು ಜೋಡಿಸುವ ಬದಲು ಸರ್ವಿಸ್ ಕಾಂಟ್ರ್ಯಾಕ್ಟ್ ಸಮೇತ ಪೂರ್ತಿ ಸರ್ವರ್ ಕೊಳ್ಳುವುದೇ ವಾಸಿ. ತಿಂಗಳಿಗೆ ಎರಡು ದಿನ ಮಾತ್ರ ಇಷ್ಟು ಶಕ್ತಿ ಬೇಕಿದ್ದರೆ ಕ್ಲೌಡ್‌ನಲ್ಲಿ ಬಾಡಿಗೆಗೆ ತಗೊಳ್ಳಿ. ಅಲ್ಲಿ ಒಂದು ವಿಸಿಪಿಯು ಅಂದರೆ ಸಾಮಾನ್ಯವಾಗಿ ಒಂದು ಥ್ರೆಡ್, ಪೂರ್ತಿ ಕೋರ್ ಅಲ್ಲ.

## ತಂದಮೇಲೆ ಮೊದಲ ವಾರ

ಬಯೋಸ್ ಅಪ್‌ಡೇಟ್ ಮಾಡಿ. ಸರ್ವರ್ ಬೋರ್ಡಾಗಿದ್ದರೆ ಆನ್ ಮಾಡಿದ ಮೇಲೆ ಪರದೆ ಬರಲು ಕೆಲವು ನಿಮಿಷ ಹಿಡಿಯಬಹುದು, ಕೆಟ್ಟಿದೆ ಅಂತ ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಪೂರ್ತಿ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಸ್ಟಿಕ್ ವಾಪಸ್ ಕೊಡಿ.

ಇಸಿಸಿಗೆ ದುಡ್ಡು ಕೊಟ್ಟಿದ್ದರೆ ಅದು ನಿಜವಾಗಿ ಓಡುತ್ತಿದೆಯಾ ನೋಡಿ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಎಂಐಡಿಕೋಡ್ ಕಮಾಂಡಿನಲ್ಲಿ ಮೆಮೊರಿ ವಿವರ ತೆಗೆಯಿರಿ. ಡೇಟಾ ವಿಡ್ತ್ 64 ಬಿಟ್, ಟೋಟಲ್ ವಿಡ್ತ್ 72 ಅಥವಾ 80 ಬಿಟ್ ಅಂತ ಬಂದರೆ ಸರಿ. ಎರಡೂ 64 ಅಂತ ತೋರಿಸಿದರೆ ನಿಮಗೆ ಕೊಟ್ಟಿರುವುದು ಮಾಮೂಲಿ ರ‍್ಯಾಮ್, ಇಲ್ಲವೇ ಬೋರ್ಡಿನಲ್ಲಿ ಇಸಿಸಿ ಆಫ್ ಆಗಿದೆ. ಕರ್ನಲ್ ಲಾಗ್‌ನಲ್ಲಿ ಇಡ್ಯಾಕ್ ಅನ್ನೋ ಡ್ರೈವರ್ ಎದ್ದಿದೆಯಾ ಅಂತಲೂ ನೋಡಿಕೊಳ್ಳಿ, ದೋಷ ಕಂಡರೆ ವರದಿ ಮಾಡುವುದು ಅದೇ.

ಆಮೇಲೆ ಎಲ್ಲ ಕೋರಿಗೂ ಕೆಲಸ ಕೊಟ್ಟು ನಾಲ್ಕೈದು ಗಂಟೆ ಓಡಿಸಿ, ಮಧ್ಯಾಹ್ನದ ಬಿಸಿಲಿನ ಹೊತ್ತಿಗೇ ಮಾಡಿದರೆ ಒಳ್ಳೆಯದು. ಒಂದು ವ್ಯಾಟ್ ಮೀಟರ್ ಸಿಕ್ಕರೆ ಗೋಡೆಯ ಪ್ಲಗ್‌ಗೆ ಹಾಕಿ ಎರಡು ಸಂಖ್ಯೆ ಬರೆದುಕೊಳ್ಳಿ: ಸುಮ್ಮನಿದ್ದಾಗ ಎಷ್ಟು, ಪೂರ್ತಿ ದುಡಿಯುವಾಗ ಎಷ್ಟು. ಯುಪಿಎಸ್ ಅಳತೆ ಎರಡನೆಯದರ ಮೇಲೆ, ಕರೆಂಟ್ ಬಿಲ್ ಹೆಚ್ಚಾಗಿ ಮೊದಲನೆಯದರ ಮೇಲೆ ನಿಲ್ಲುತ್ತದೆ. ಇದೆಲ್ಲ ಅಂಗಡಿಯವರು ಬದಲಿಸಿಕೊಡುವ ಗಡುವು ಮುಗಿಯುವ ಮೊದಲೇ ಆಗಲಿ, ಬಿಲ್ಲು ಮತ್ತು ಡಬ್ಬ ಅಲ್ಲಿಯವರೆಗೆ ಎಸೆಯಬೇಡಿ.